ನೂರೆಪ್ಪತ್ತೈದು ಪೌಂಡು

ಫೆಬ್ರವರಿ 11, ಮಂಗಳವಾರ, ಸಂಜೆ

ಮತ್ತೆ 145. ನಾಲ್ಕೂ ಸಿಲಿಂಡರ್ 145. ಈ ಮುಳ್ಳಿಗೆ ಬೇರೆ ನಂಬರೇ ಗೊತ್ತಿಲ್ಲವೇನೋ.

ಬ್ಯಾಟರಿ ಫುಲ್ ಚಾರ್ಜ್. ಥ್ರಾಟಲ್ ಪೂರ್ತಿ ತೆರೆದು ಹಿಡಿದವಳು ನಾನೇ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ತಿರುಗಿಸಿ, ಸ್ಟಾರ್ಟರ್ ಒತ್ತುವುದು. ಒಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಬಲವಾಗಿ ಅದುಮುತ್ತಿದೆ ಅಂತ ಮುಳ್ಳು ಹೇಳುತ್ತದೆ, ಚದರ ಇಂಚಿಗೆ ಇಷ್ಟು ಪೌಂಡು ಅಂತ. ಪಿಸ್ಟನ್ನಿಗೆ ಹೊಸ ರಿಂಗ್ ಹಾಕುವ ಮೊದಲು 142 ಇತ್ತು. ಮೂರೇ ಮೂರು ಪೌಂಡಿಗೋಸ್ಕರ ವಾರವಿಡೀ ಅಪ್ಪ, ನಾನು ಎಣ್ಣೆಯಲ್ಲಿ ಮಿಂದೆವು.

ಎಂಜಿನ್ನಿನ ಕಂಪನಿ ಪುಸ್ತಕದಲ್ಲಿ 175. ಅಪ್ಪ ಒಂದು ಬೆರಳು ಪುಸ್ತಕದ ಮೇಲೆ, ಇನ್ನೊಂದು ಬೆರಳು ಗೇಜಿನ ಮೇಲೆ ಇಟ್ಟು, "ಇದು ಅಲ್ಲಿಗೆ ಬರೋವರೆಗೂ ಈ ಎಂಜಿನ್ ನನ್ನ ಶೆಡ್ ಬಿಟ್ಟು ಹೋಗಲ್ಲ" ಅಂದರು. ತೊಟ್ಟಿಲಲ್ಲಿದ್ದಾಗಿನಿಂದ ಕೇಳುತ್ತಿರುವ ಮಾತು. ಊರಿನವರು ಹೆಸರು ಮರೆತು ಬರೀ 'ಮೇಸ್ತ್ರಿ' ಅನ್ನುವುದು ಈ ಹಟ ನೋಡಿಯೇ.

ಈ ಸಲ ಹಟ ಒಂದು ಕೈ ಜಾಸ್ತಿ. ಎಂಜಿನ್ ಹೋಗುವುದು ಭಾವನ ಬೋಟಿಗೆ. ಹಳೇ ಕಾರಿನ ಪೆಟ್ರೋಲ್ ಎಂಜಿನ್, ಬೋಟಿಗೆ ಕೂರುವ ಹಾಗೆ ಬದಲಾಯಿಸಿದ್ದು. ಅಕ್ಕ ಮದುವೆಯಾಗಿ ಬೆಟ್ಟ ಇಳಿದು ಸಮುದ್ರದ ದಡ ಸೇರಿದ ಮೇಲೆ ಅಪ್ಪ ಅಳಿಯನಿಗೆ ಅಂತ ಕೈಯಾರೆ ಮಾಡುತ್ತಿರುವ ಮೊದಲ ಕೆಲಸ.

ಒಂದು ಅನುಮಾನ. ಸವೆದ ಎಂಜಿನ್ ಆದರೆ ಒಂದು ಸಿಲಿಂಡರ್ ಹೆಚ್ಚು, ಒಂದು ಕಮ್ಮಿ ತೋರಿಸಬೇಕು. ನಾಲ್ಕಕ್ಕೆ ನಾಲ್ಕೂ ಒಂದೇ ಅಳತೆಗೆ ಸವೆಯುತ್ತವಾ? ಕೇಳಿದೆ. "ತಲೆ ಕೆಡಿಸ್ಕೋಬೇಡ. ಗೇಜ್ ನೋಡು." ಸರಿ ಸ್ವಾಮಿ.

ಫೆಬ್ರವರಿ 15, ಶನಿವಾರ

175! ನಾಲ್ಕೂ!

ಸಿಲಿಂಡರಿನ ಮುಚ್ಚಳ, ಅಂದರೆ ಹೆಡ್ಡು, ಅದರ ಅಡಿ ತಿಕ್ಕಿಸಿ ಇಳಿಸಿದೆವು. ಅದರ ಕೆಳಗೆ ಕೂರುವ ದಪ್ಪ ಗ್ಯಾಸ್ಕೆಟ್ ಬಿಸಾಕಿ ತೆಳ್ಳಗಿನದು. ಒಳಗೆ ಗಾಳಿಗೆ ಜಾಗ ಕಮ್ಮಿ, ಒತ್ತಡ ಜಾಸ್ತಿ. ಕಿಡಿ ಹಾರುವ ಟೈಮಿಂಗ್ ಒಂದು ಚೂರು ಮುಂದೆ, ಪೆಟ್ರೋಲ್ ಬಿಡುವ ತೂತು, ಅಂದರೆ ಜೆಟ್, ಒಂದು ನಂಬರ್ ಸಣ್ಣದು. ಬೆಟ್ಟದ ಮೇಲೆ ನಾವು ಎಲ್ಲಾ ಗಾಡಿಗೂ ಮಾಡುವುದು ಹಾಗೇ.

ಸ್ಟಾರ್ಟ್ ಮಾಡಿದಾಗ ಶೆಡ್ಡಿನ ತಗಡೆಲ್ಲ ನಡುಗಿತು. ಅಪ್ಪನ ಮುಖ ನೋಡಬೇಕಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ಅಳಿಯನಿಗೆ ಕೊಡೋವಾಗ ಹಲ್ಲು ಕಾಣುತ್ತೆ. ನನ್ನ ಮಿಕ್ಸಿ ರಿಪೇರಿಗೆ ಕೊಟ್ಟು ವರ್ಷ ಆಯ್ತು" ಅಂದಳು. ಮೇಸ್ತ್ರಿಗೆ ಕೇಳಿಸಲೇ ಇಲ್ಲ.

ಮಧ್ಯಾಹ್ನ ಲಾರಿಗೆ ಏರಿಸಿ ಕಳಿಸಿದೆವು. ನಮ್ಮ ಹಳೇ ಗೇಜೊಂದನ್ನೂ ಅಪ್ಪ ಜೊತೆಗಿಟ್ಟರು. "ಆಗಾಗ ನೋಡ್ಕೊಳ್ಲಿ, ಮಾವ ಹೇಗೆ ಮಾಡಿಕೊಟ್ಟಿದಾರೆ ಅಂತ."

ಮಾರ್ಚ್ 2, ಭಾನುವಾರ

ಭಾವ ಫೋನ್ ಮಾಡಿದ್ದರು. ಎಂಜಿನ್ ಕೂರಿಸಿ ಓಡಿಸಿಯೂ ಆಯಿತಂತೆ. "ಮಾವ, ಇದು ಎಂಜಿನ್ನಲ್ಲ, ಹುಲಿ!" ಅಪ್ಪ ಸ್ಪೀಕರ್ ಹಾಕಿ ಮೂರು ಸಲ ಹೇಳಿಸಿ ಕೇಳಿದರು. ಅವರು ಇವತ್ತು ಎರಡು ತುತ್ತು ಜಾಸ್ತಿ ಉಂಡರು.

ಅಕ್ಕನ ಸುದ್ದಿ ಬೇರೆ. ಅಲ್ಲಿಯ ಸೇತುವೆ ರಿಪೇರಿಗೆ ಮುಚ್ಚಿದ್ದಾರೆ. ಆಚೆ ದಡಕ್ಕೆ ಹೋಗಬೇಕಾದವರಿಗೆಲ್ಲ ಇನ್ನು ಮೇಲೆ ಬೋಟೇ ಗತಿ. ನದಿ ಸಮುದ್ರ ಸೇರುವ ಅಳಿವೆಯಲ್ಲೇ ದಾಟಬೇಕು. ಒಂದು ಕಡೆ ಬಂಡೆ, ಒಂದು ಕಡೆ ಅಲೆ. ಭಾವ ಚುಕ್ಕಾಣಿಗೆ, ಅಕ್ಕ ಹಗ್ಗಕ್ಕೆ. "ಎಂಜಿನ್ ನಮ್ಮಪ್ಪಂದು ಅಂತ ಹೇಳಿದ್ರೆ ಜನ ಧೈರ್ಯವಾಗಿ ಹತ್ತುತಾರೆ ಕಣೇ" ಅಂದಳು.

ಮಾರ್ಚ್ 9, ಭಾನುವಾರ

ಒಬ್ಬರು ಟೀಚರ್ ಬಂದಿದ್ದರು. ಕೆಳಗಿನ ಊರಿಂದ ವರ್ಗವಾಗಿ ಬಂದವರು. ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. "ಅಲ್ಲಿ ಚೆನ್ನಾಗಿ ಎಳೀತಿತ್ತು, ಇಲ್ಲಿ ತಿಣುಕ್ತಿದೆ ರೀ" ಅಂತ ದೂರು. ಅಪ್ಪ ಪೇಟೆಗೆ ಹೋಗಿದ್ದರು. ನಾನೇ ಗೇಜ್ ಹಾಕಿದೆ.

148. ನಾಲ್ಕೂ 148. ಪುಸ್ತಕದಲ್ಲಿ 180.

ಗೇಜ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಗೇಜ್ ತಂದೆ. ಅದರಲ್ಲೂ 148. ಹೊಸ ಎಂಜಿನ್. ಶೋರೂಮಿನ ವಾಸನೆ ಇನ್ನೂ ಹೋಗಿಲ್ಲ. ಇದು ಹೇಗೆ ಸವೆಯುತ್ತದೆ?

ಟೀಚರ್ ಕಾರಿನ ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣಗಳು. ತಲೆದಿಂಬಿನ ಹಾಗೆ ಊದಿಕೊಂಡಿವೆ. "ಬೆಟ್ಟ ಹತ್ತೋವಾಗ ಒಂದು ಡಬ್ ಅಂತ ಒಡೀತು, ಟೈರೇ ಹೋಯ್ತು ಅಂತ ಜೀವ ಬಾಯಿಗೆ ಬಂತು" ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ಅರ್ಧಕ್ಕೇ ನಿಂತಿತು.

ಕೆಳಗಿನ ಗಾಳಿ ದಪ್ಪ. ಇಲ್ಲಿಯದು ತೆಳು. ಪಿಸ್ಟನ್ ಅದುಮುವುದು ಹೊರಗಿನ ಗಾಳಿಯನ್ನೇ ಅಲ್ಲವೇ? ಒಳಗೆ ಬರುವುದೇ ಕಮ್ಮಿಯಾದರೆ ಮುಳ್ಳು ಎಲ್ಲಿಂದ ಏರಬೇಕು?

ಕಾರು ಇಲ್ಲೇ ಬಿಟ್ಟು ಹೋಗಿ ಅಂದೆ. ಏಕೆ ಅಂತ ಕೇಳಿದರು. ಏನೋ ಒಂದು ಹೇಳಿದೆ.

ಮಾರ್ಚ್ 10, ಸೋಮವಾರ, ಮಧ್ಯಾಹ್ನ

ಊಟ ಸೇರಲಿಲ್ಲ. ಲೆಕ್ಕ ಹಾಕುತ್ತಿದ್ದೇನೆ: ಬೋಟಿನ ಎಂಜಿನ್ನೂ ಇಲ್ಲಿಯ ತೆಳು ಗಾಳಿಗೇ ಕಮ್ಮಿ ತೋರಿಸಿತ್ತಾ?

ಗೇಜಿನ ಸೊನ್ನೆ ನಿಜವಾದ ಸೊನ್ನೆಯಲ್ಲ. ಹೊರಗಿನ ಗಾಳಿಯ ಒತ್ತಡವನ್ನು ಬಿಟ್ಟು, ಅದರ ಮೇಲಿನದನ್ನು ಮಾತ್ರ ಅದು ಎಣಿಸುತ್ತದೆ. ಆದ್ದರಿಂದ ಮುಳ್ಳು ತೋರಿಸಿದ್ದಕ್ಕೆ ಹೊರಗಿನದನ್ನು ಕೂಡಿಸಬೇಕು. ಬಂದದ್ದನ್ನು ಹೊರಗಿನದರಿಂದಲೇ ಭಾಗಿಸಬೇಕು. ಒತ್ತಡ ಎಷ್ಟು ಪಟ್ಟು ಆಯಿತು ಅಂತ ಸಿಗುತ್ತದೆ. ಅದುಮಿದಾಗ ಗಾಳಿ ಕಾಯುವುದರಿಂದ ಒತ್ತಡ ಇನ್ನಷ್ಟು ಏರುತ್ತದೆ, ಅದನ್ನು ಕಳೆಯಲು, ವರ್ಗಮೂಲ ತೆಗೆಯುವ ಹಾಗೆ, 1.2ನೇ ಮೂಲ ತೆಗೆಯಬೇಕು. ಅಲ್ಲಿಗೆ ಕಂಪ್ರೆಷನ್ ರೇಶಿಯೋ: ಗಾಳಿಯನ್ನು ಎಷ್ಟರಲ್ಲಿ ಒಂದು ಪಾಲಿಗೆ ಅದುಮುತ್ತಿದ್ದೇವೆ ಅಂತ. ಅಂದಾಜೇ. ಆದರೆ ಒಳ್ಳೆಯ ಅಂದಾಜು.

ಇಲ್ಲಿಯ ಒತ್ತಡ ಎಷ್ಟು? ಫೋನಿನ ಹವಾಮಾನದಲ್ಲಿ ನೋಡಿದೆ. ಪೌಂಡಿಗೆ ತಂದರೆ ಸುಮಾರು 14.7. ಅಕ್ಕನ ಊರು ಹಾಕಿದೆ. ಅಲ್ಲಿಯೂ 14.7. ಎರಡೂ ಒಂದೇ! ಅಬ್ಬಾ. ಹೋದ ಜೀವ ಬಂತು. ಅಮ್ಮನ ಹತ್ತಿರ ಹೋಗಿ ಕಾಫಿ ಕೇಳಿದೆ.

ಸಂಜೆ

ಕಾಫಿ ಕುಡಿಯುತ್ತಾ ಹೊಳೆಯಿತು: ಒತ್ತಡ ಒಂದೇ ಆದರೆ ಪೊಟ್ಟಣ ಊದಿದ್ದು ಯಾಕೆ? ಮತ್ತೆ ಹುಡುಕಿದೆ. ಹವಾಮಾನದವರು ಎಲ್ಲಾ ಊರಿನ ಒತ್ತಡವನ್ನೂ ಸಮುದ್ರದ ಮಟ್ಟಕ್ಕೆ ಇಳಿಸಿಯೇ ಹೇಳುತ್ತಾರಂತೆ. ನಿಜವಾದದ್ದು ಬೇಕಿದ್ದರೆ ಫೋನಿನ ಒಳಗಿರುವ ಸೆನ್ಸರನ್ನೇ ಕೇಳಬೇಕು. ಕೇಳಿದೆ. 12 ಪೌಂಡು.

ಈಗ ಬೋಟಿನ ಎಂಜಿನ್. ಮೊದಲು 145 ಇತ್ತಲ್ಲ. 145ಕ್ಕೆ 12 ಕೂಡಿಸಿದರೆ 157. ಭಾಗಿಸಿದರೆ 13 ಪಟ್ಟು. ಮೂಲ ತೆಗೆದರೆ ರೇಶಿಯೋ 8.5. ಪುಸ್ತಕದಲ್ಲಿ ಎಷ್ಟು? 8.5. ಸರಿಯಾಗಿ 8.5.

ಅಂದರೆ ಎಂಜಿನ್‌ಗೆ ಏನೂ ಆಗಿರಲಿಲ್ಲ. ಕಾಯಿಲೆಯೇ ಇಲ್ಲದವನಿಗೆ ಆಪರೇಷನ್ ಮಾಡಿದೆವು.

ತಿಕ್ಕಿಸಿದ ಮೇಲೆ 175. ಕೂಡಿಸಿದರೆ 187. ಭಾಗಿಸಿದರೆ 15.6. ರೇಶಿಯೋ 9.9. ಇಲ್ಲಿ ಪರವಾಗಿಲ್ಲ. ತೆಳು ಗಾಳಿಗೆ ಅದೇ ಚೆಂದ, ಅದಕ್ಕೇ ಅಪ್ಪ ಮಾಡಿದ ಗಾಡಿಗಳು ಬೆಟ್ಟದಲ್ಲಿ ಕುದುರೆಗಳ ಹಾಗೆ ಹೋಗುತ್ತವೆ. ಅಪ್ಪನ ಹೆಸರು ಸುಳ್ಳು ಹೆಸರಲ್ಲ. ಆದರೆ ಸಮುದ್ರದ ದಡದಲ್ಲಿ? 15.6 ಪಟ್ಟು ದಪ್ಪ ಗಾಳಿ... ಗೇಜು 214 ತೋರಿಸಬೇಕು. ಅದರ ಮೇಲೆ ಮುಂದೆ ಮಾಡಿದ ಟೈಮಿಂಗ್. ಅದರ ಮೇಲೆ ಸಣ್ಣ ಜೆಟ್, ಪೆಟ್ರೋಲ್ ಕಮ್ಮಿ, ಬಿಸಿ ಜಾಸ್ತಿ. ಕಿಡಿ ಹಾರಿ ಉರಿ ಹಬ್ಬುವಷ್ಟರಲ್ಲಿ ಮೂಲೆಯ ಪೆಟ್ರೋಲ್ ತಾನೇ ಸಿಡಿಯುತ್ತದೆ. ಸುತ್ತಿಗೆಯಲ್ಲಿ ಹೊಡೆದ ಹಾಗೆ ಪಿಸ್ಟನ್ನಿಗೆ ಪೆಟ್ಟು. ಭಾರ ಜಾಸ್ತಿಯಾದಷ್ಟೂ ಪೆಟ್ಟು ಜಾಸ್ತಿ. ಒಂದು ದಿನ ಪಿಸ್ಟನ್ ತೂತು, ಎಂಜಿನ್ ಬಂದ್.

ರಸ್ತೆಯಲ್ಲಾದರೆ ಇಳಿದು ತಳ್ಳಬಹುದು. ಅಳಿವೆಯಲ್ಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಆಮೇಲೆ ಬಂಡೆ.

ಎಲ್ಲೋ ಕೂಡಿಸುವಾಗ ತಪ್ಪಿರಬೇಕು. ಮೂರು ಸಲ ಹಾಕಿದೆ. ಮೂರು ಸಲವೂ ಅದೇ.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ

ಅಕ್ಕನಿಗೆ ಫೋನ್ ಮಾಡಿ, ಏನೂ ಹೇಳದೆ, "ಅಪ್ಪ ಕೊಟ್ಟ ಗೇಜ್ ಒಂದ್ಸಲ ಹಾಕಿ ನೋಡಿ ಹೇಳೇ" ಅಂದೆ. ಅರ್ಧ ಗಂಟೆಗೆ ಅವಳೇ ಮಾಡಿದಳು. ದನಿಯಲ್ಲಿ ಸಂಭ್ರಮ ತುಂಬಿ ತುಳುಕುತ್ತಿತ್ತು.

"ಲೇ, ಅಪ್ಪಂಗೆ ಹೇಳು, 175 ಅಲ್ಲ, 215 ಬರ್ತಿದೆ! ನಾಲ್ಕರಲ್ಲೂ! ನಮ್ಮೂರ ನೀರು ಕುಡಿದು ಇನ್ನೂ ಗಟ್ಟಿಯಾಗಿದೆ!"

ನನ್ನ ಲೆಕ್ಕ 214. ಅವಳ ಮುಳ್ಳು 215. ಲೆಕ್ಕ ಸರಿಯಾಯಿತಲ್ಲ ಅಂತ ಅಳು ಬಂದದ್ದು ಜೀವನದಲ್ಲಿ ಇದೇ ಮೊದಲು.

"ಜನ ತುಂಬಿದಾಗ ಏನಾದ್ರೂ ಸದ್ದು ಬರುತ್ತಾ?"

"ಏನೋ ಚಿಕ್ಕದು. ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಜೋರು ಎಂಜಿನ್ ಅಲ್ವಾ, ಹಾಗೇ ಇರುತ್ತೆ ಅಂದ್ರು ಇವ್ರು."

ಎಲ್ಲಾ ಹೇಳಿದೆ. ಅಕ್ಕ ಭಾವನನ್ನು ಕೂಗಿದಳು. ಫೋನ್ ಭಾವನ ಕೈಗೆ ಹೋಯಿತು.

ಭಾವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ನಗುತ್ತಲೇ ಹೇಳಿದರು. "ನೋಡು ಪುಟ್ಟಿ, ನಿನ್ನ ಕಾಗದದ ಲೆಕ್ಕ ನಂಗೆ ಅರ್ಥ ಆಗಲ್ಲ. ಈ ದಡದಲ್ಲಿ ಆಸ್ಪತ್ರೆ ಇಲ್ಲ, ಶಾಲೆ ಇಲ್ಲ. ಬೆಳಿಗ್ಗೆಯಾದ್ರೆ ಜನ ಬಂದು ಕಾಯ್ತಾ ನಿಂತಿರ್ತಾರೆ. ಎಂಜಿನ್ ಮಾಡಿದವ್ರು ಮಾವ. ಮಾವ ಒಂದು ಮಾತು ನಿಲ್ಸು ಅನ್ನಲಿ, ನಿಂತ ಕಾಲಲ್ಲೇ ನಿಲ್ಲಿಸ್ತೀನಿ."

ಮಾವ ಅನ್ನಬೇಕು. ಮಾವ!

ಅದೇ ದಿನ, ಸಂಜೆ

ಅಪ್ಪನಿಗೆ ಹೇಳಿದೆ. ಲೆಕ್ಕದ ಹಾಳೆ ಕೈಗೆ ಕೊಟ್ಟೆ. ಓದಲಿಲ್ಲ. ಅದರಲ್ಲೇ ಕೈಯ ಗ್ರೀಸ್ ಒರೆಸಿಕೊಂಡರು.

"ಮೂವತ್ತು ವರ್ಷದಲ್ಲಿ ನನ್ನ ಒಂದು ಎಂಜಿನ್ ವಾಪಸ್ ಬಂದಿಲ್ಲ."

"ಬೆಟ್ಟ ಇಳಿದಿದ್ರೆ ತಾನೇ ಅಪ್ಪಾ ಬರೋದು? ಎಲ್ಲಾ ಇಲ್ಲೇ ಸುತ್ತೋ ಗಾಡಿಗಳು!"

ಸ್ಪ್ಯಾನರ್ ಬೆಂಚಿನ ಮೇಲೆ ಬಿತ್ತು. ಇಟ್ಟದ್ದಲ್ಲ, ಬಿತ್ತು. "ಅಂದ್ರೆ ನನ್ನ ಮಗಳನ್ನ, ಅಳಿಯನ್ನ ನಾನೇ ನೀರಿಗೆ ನೂಕಿದೀನಿ ಅಂತೀಯಾ?"

ಗ್ರೀಸಾದ ಹಾಳೆಯನ್ನೇ ಮತ್ತೆ ಅವರ ಮುಂದೆ ಬಿಡಿಸಿಟ್ಟೆ. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಸಿಟ್ಟು ಬರುತ್ತಿದೆ. ಅಪ್ಪನ ಮೇಲೆ. ಅದಕ್ಕಿಂತ ನನ್ನ ಮೇಲೆ. ನಾಲ್ಕೂ ಸಮ ಅಂತ ಕಂಡವಳು ನಾನೇ. "ಸರಿ ಸ್ವಾಮಿ" ಅಂತ ಸುಮ್ಮನಾದವಳೂ ನಾನೇ.

ಮಾರ್ಚ್ 12, ಬುಧವಾರ

ಅಪ್ಪ ತಟ್ಟೆ ಮುಂದೆ ಕೂತು ಎದ್ದು ಹೋಗುತ್ತಾರೆ. ಅಕ್ಕನಿಗೆ ಮೂರು ಸಲ ಫೋನ್. "ನಾನೇನು ಮಾಡ್ಲೇ? ಇವ್ರು ಕೇಳಲ್ಲ. ಸದ್ದು ನಿನ್ನೆಗಿಂತ ಜಾಸ್ತಿ ಅಂತ ನಂಗೂ ಅನ್ನಿಸ್ತಿದೆ. ಅಪ್ಪನ ಹತ್ರ ಒಂದು ಮಾತು ಹೇಳ್ಸು." ಹೆದರಿದ್ದಾಳೆ. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರುತ್ತಿದ್ದವಳು ನಾನು, ಅವಳಲ್ಲ.

ದಪ್ಪ ಗ್ಯಾಸ್ಕೆಟ್, ದೊಡ್ಡ ಜೆಟ್ ಒಂದು ಚೀಲಕ್ಕೆ ತುಂಬಿಟ್ಟಿದ್ದೇನೆ. ಹೋಗಬಹುದು. ಹೋದರೂ ಭಾವ ಬಾಗಿಲಲ್ಲೇ ಕೇಳುತ್ತಾರೆ, "ಮಾವ ಏನಂದ್ರು?" ಅಂತ.

ಅಮ್ಮ ಪಾತ್ರೆ ಒರೆಸುತ್ತಾ ಹೇಳಿದಳು. "ಅವ್ರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ನಾಲ್ಕನೇದು ನೀನು ತೋರಿಸ್ಲಿಕ್ಕೆ ಹೋಗ್ಬೇಡ. ಅವ್ರ ಕೈಯಲ್ಲೇ ಎಣಿಸು."

ಅಮ್ಮ ಗೇಜ್ ಮುಟ್ಟಿದವಳಲ್ಲ. ಆದರೂ ಅಪ್ಪನ ಒಳಗೆ ಎಷ್ಟು ಒತ್ತಡ ಇದೆ ಅಂತ ಅವಳಿಗೆ ಗೊತ್ತು.

ಟೀಚರ್ ಕಾರು ಇನ್ನೂ ಶೆಡ್ಡಿನ ಮೂಲೆಯಲ್ಲಿದೆ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿಟ್ಟೆ. ಗೇಜನ್ನು ಬಾನೆಟ್ ಮೇಲೆ, ಕಾರಿನ ಪುಸ್ತಕವನ್ನು ಅದರ ಪಕ್ಕದಲ್ಲಿ, ಆ ಪುಟ ತೆರೆದು.

ಮಾರ್ಚ್ 13, ಗುರುವಾರ, ಬೆಳಿಗ್ಗೆ 7.30

ಅಪ್ಪ ಶೆಡ್ಡಿಗೆ ಬಂದರು. ಕಾರಿನ ಮುಂದೆ ನಿಂತರು. ನಾನು ಬೆಂಚಿನಲ್ಲಿ ಕೂತು ಬರೆಯುವ ನಾಟಕ. ಈಗ ನಿಜವಾಗಿಯೂ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಪುಸ್ತಕ ನೋಡಿದರು. ಮೀಟರಿನಲ್ಲಿ ಕಾರು ಎಷ್ಟು ಓಡಿದೆ ಅಂತ ನೋಡಿದರು. ಸೀಟಿನ ಪ್ಲಾಸ್ಟಿಕ್ ಮುಟ್ಟಿದರು. ಗೇಜ್ ತಿರುಗಿಸುತ್ತಿದ್ದಾರೆ. ನನ್ನನ್ನು ಕರೆಯಲಿಲ್ಲ. ಒಂದು ಕಾಲು ಆಕ್ಸಿಲರೇಟರಿನ ಮೇಲಿಟ್ಟು ತಾವೇ ಕೀ ತಿರುಗಿಸಿದರು.

ಇಳಿದು ಬಂದು ಮುಳ್ಳು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಎರಡನೇ ಸಿಲಿಂಡರ್.

ಮೂರನೆಯದು.

ನಾಲ್ಕನೆಯದನ್ನು ನೋಡಲಿಲ್ಲ. ಮಡ್‌ಗಾರ್ಡ್ ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತರು.

7.50

ಎದ್ದು ಓಡಿ ನೀರು ಕೊಟ್ಟೆ. ಕುಡಿಯಲಿಲ್ಲ. "ಬೋಟು ಎಷ್ಟು ಹೊತ್ತಿಗೆ ಬಿಡೋದು?"

"ಎಂಟಕ್ಕೆ. ಜನ ತುಂಬಿದ್ರೆ ಮೊದಲೇ."

"ಫೋನ್ ಕೊಡು."

ರಿಂಗಾಗುತ್ತಿದೆ. ಎತ್ತುತ್ತಿಲ್ಲ. ಮತ್ತೆ ರಿಂಗು. ಅಮ್ಮ ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಮತ್ತೆ.

8.05

ಅಕ್ಕ ಎತ್ತಿದಳು. ಅವಳೂ ಸ್ಪೀಕರ್ ಹಾಕಿ ಭಾವನ ಹತ್ತಿರ ಹಿಡಿದಳು, ಇಲ್ಲಿ ನಾವೂ ಹಾಕಿದ್ದೇವೆ. ಗಾಳಿ, ನೀರು, ಜನರ ಗಲಾಟೆ, ಯಾವುದೋ ಮಗುವಿನ ಅಳು. ಅದೆಲ್ಲದರ ಹಿಂದೆ ಎಂಜಿನ್.

ಅಪ್ಪ ಹೇಳಿದರು. ಒಂದೇ ಉಸಿರಿಗೆ. "ಅಳಿಯಂದ್ರೇ, ನಾನು. ಎಂಜಿನ್ ನಿಲ್ಸಿ. ಅದನ್ನ ನಾನು ತಪ್ಪು ಮಾಡಿ ಕೊಟ್ಟಿದೀನಿ. ಅವಳ ಲೆಕ್ಕ ಸರಿ."

ಭಾವ ಮೆಲ್ಲಗೆ, ಜನಕ್ಕೆ ಕೇಳಿಸದ ಹಾಗೆ: "ಮಾವ, ನಡು ಅಳಿವೇಲಿದೀವಿ. ಇಲ್ಲಿ ನಿಲ್ಸೋಕಾಗಲ್ಲ."

ಅಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ಅಪ್ಪ ಕಣ್ಣು ಮುಚ್ಚಿದರು. "ಫೋನ್ ಎಂಜಿನ್ ಹತ್ರ ಹಿಡಿಯೋಕೆ ಹೇಳಿ ಅವಳಿಗೆ."

ಅಕ್ಕ ಹಿಡಿದಳು. ಕೇಳಿಸಿತು. ಡಬ್ಬಿಯೊಳಗೆ ಕಲ್ಲು, ಬಿಡುವೇ ಇಲ್ಲದೆ. ಅವಳು ಹೇಳಿದಾಗ ಚಿಕ್ಕದು ಅಂದಿದ್ದಳು. ಇದು ಚಿಕ್ಕದಲ್ಲ.

"ಥ್ರಾಟಲ್ ಅರ್ಧಕ್ಕೆ ತನ್ನಿ."

"ಅರ್ಧಕ್ಕೆ ತಂದ್ರೆ ಸೆಳೆತ ಬಂಡೆ ಕಡೆ ಎಳೀತದೆ ಮಾವ."

"ಸರಿ. ಮುಕ್ಕಾಲು. ಅದಕ್ಕಿಂತ ಮೇಲೆ ಬೇಡ. ಈಗ ಚೋಕ್ ಒಂದು ಬೆರಳಷ್ಟು ಎಳೀರಿ. ಪೆಟ್ರೋಲ್ ಜಾಸ್ತಿ ಹೋಗ್ಲಿ, ಒಳಗೆ ತಣ್ಣಗಾಗುತ್ತೆ. ಎಂಜಿನ್ ಗೊರ ಗೊರ ಅನ್ನುತ್ತೆ, ಅನ್ಲಿ. ಹೆದರ್ಬೇಡಿ."

ಎಂಜಿನ್ ಒಮ್ಮೆ ಮುಗ್ಗರಿಸಿತು. ಯಾರೋ ಹೆಂಗಸು ಕೂಗಿದರು. ಮತ್ತೆ ಹಿಡಿದುಕೊಂಡಿತು. ಕಲ್ಲಿನ ಸದ್ದು ಕಮ್ಮಿ. ನಿಂತಿಲ್ಲ, ಕಮ್ಮಿ.

"ಇನ್ನೊಂದು ಕೂದಲೆಳೆ ಎಳೀರಿ. ಸಾಕು. ಹಾಗೇ ಇರ್ಲಿ. ಹಾಗೇ ಬನ್ನಿ. ಅಲೆ ಏರೋವಾಗ ಜೋರು ಮಾಡ್ಬೇಡಿ, ಅಲೆ ಇಳಿಯೋವಾಗ ಮಾಡಿ."

ಎಂಜಿನ್ನಿನ ತಪ್ಪು ಲೆಕ್ಕ ಅಪ್ಪನದು. ಆದರೆ ಇಷ್ಟು ದೂರದಿಂದ, ಫೋನಿನ ಇಷ್ಟು ಸಣ್ಣ ತೂತಿನಿಂದ, ಯಾವ ಸಿಲಿಂಡರ್ ಸೋಲುತ್ತಿದೆ ಅಂತ ಕೇಳುತ್ತಿರುವುದೂ ಅಪ್ಪನೇ. "ಮೂರನೇದು" ಅಂತ ತುಟಿ ಅಲ್ಲಾಡಿಸಿದರು, ನನಗೆ ಮಾತ್ರ. ನಾನು ತಲೆಯಾಡಿಸಿದೆ. ನನಗೂ ಹಾಗೇ ಕೇಳಿಸುತ್ತಿದೆ.

8.15

ಇನ್ನೂ ಓಡುತ್ತಿದೆ.

ಅಕ್ಕ ಏನೋ ಅಂದಳು, ಗಾಳಿ ನುಂಗಿತು. ಮತ್ತೆ ಅಂದಳು. "ದಡದಲ್ಲಿರೋರ ಮುಖ ಕಾಣ್ತಿದೆ ಅಪ್ಪಾ."

ಅಪ್ಪ ಕಿವಿಯನ್ನು ಫೋನಿಗೆ ಇನ್ನೂ ಹತ್ತಿರ ತಂದರು. ಮೂರನೆಯದರ ಪೆಟ್ಟು ಬದಲಾಗಿದೆ, ಒಂದು ಸಲ ಬಿಟ್ಟು ಒಂದು ಸಲ ಬರುತ್ತಿದೆ. ನನಗೂ ಕೇಳಿಸಿತು. ಅಮ್ಮನಿಗೆ ನಮ್ಮ ಮುಖದಲ್ಲೇ ಕೇಳಿಸಿತು.

"ಬರ್ದಿದ್ದು ಸಾಕು, ಇಲ್ಲಿ ಬಾ ಮಗಳೇ" ಅನ್ನುತ್ತಿದ್ದಾರೆ. "ಈ ಫೋನ್ ನೀನು ಹಿಡ್ಕೋ. ದಡ ಮುಟ್ಟೋವರೆಗೂ ಮೂರನೇದನ್ನ ಇಬ್ರೂ ಕೇಳೋಣ." ಪೆನ್ನು ಇಡುತ್ತಿದ್ದೇನೆ.